ಡೆಸ್ಮಂಡ್ ಟುಟು ಅವರ ದಾರಿಯಲ್ಲಿ: ಸೋಫಿಯಾಟೌನ್‌ನಿಂದ ಕೇಪ್‌ಟೌನ್‌ಗೆ

ವರ್ಣಭೇದದ ಆಡಳಿತವನ್ನು ಎದುರಿಸಿ ನಿಂತ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಪಾದ್ರಿ ಡೆಸ್ಮಂಡ್ ಟುಟು ಅವರನ್ನು ಅರಿಯಲೆಂದು ದಕ್ಷಿಣ ಆಫ್ರಿಕಾಕ್ಕೆ ಹೊರಟವರಿಗೆ ನೇರ ಕೇಪ್‌ಟೌನ್‌ನಲ್ಲಿ ಇಳಿಯುವ ಆಸೆಯಾಗುವುದು ಸಹಜ. ಅವರ ಚಿತಾಭಸ್ಮ ಇರುವ ಸೇಂಟ್ ಜಾರ್ಜ್ ಕೆಥೆಡ್ರಲ್ ಅಲ್ಲಿದೆ, ಅವರ ಹೆಸರಿನ ಕಮಾನು ಅಲ್ಲಿದೆ, ಕಡಲೂ ಬೆಟ್ಟವೂ ಅಲ್ಲಿವೆ. ಆದರೆ ಆರ್ಚ್‌ಬಿಷಪ್ ಆಗಿ ಕೇಪ್‌ಟೌನ್‌ಗೆ ಬಂದಾಗ ಅವರಿಗೆ 54 ವರ್ಷ. ಆ ಹೊತ್ತಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದು ಎರಡು ವರ್ಷವಾಗಿತ್ತು. ಆ ದನಿ ಹದಗೊಂಡದ್ದು ಜೋಹಾನ್ಸ್‌ಬರ್ಗಿನ ಗಣಿಧೂಳಿನ ಬಡಾವಣೆಗಳಲ್ಲಿ. ಹಾಗಾಗಿ ಈ ಪ್ರವಾಸವನ್ನು ಜೋಹಾನ್ಸ್‌ಬರ್ಗಿನಿಂದಲೇ ಶುರುಮಾಡಬೇಕು. ಅಲ್ಲಿ ಮೂರು ದಿನ, ಕೇಪ್‌ಟೌನ್‌ನಲ್ಲಿ ಮೂರು ದಿನ, ನಡುವೆ ಎರಡು ಗಂಟೆಯ ವಿಮಾನ. ರಸ್ತೆಯಲ್ಲಿ ಹೋದರೆ ಸುಮಾರು 1,400 ಕಿ.ಮೀ. ಆಗುತ್ತದೆ, ಸಮಯವಿಲ್ಲದವರಿಗೆ ಅದು ಬೇಡ.

ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಒಳ್ಳೆಯ ಕಾಲ. ಅಲ್ಲಿ ಜೂನ್-ಜುಲೈ ಚಳಿಗಾಲ. ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿ, ಎಂದರೆ ಬೆಂಗಳೂರಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಎತ್ತರದಲ್ಲಿದೆ. ಹಾಗಾಗಿ ಚಳಿಗಾಲದ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ಕೇಪ್‌ಟೌನ್‌ನಲ್ಲಿ ಅದೇ ತಿಂಗಳುಗಳಲ್ಲಿ ಮಳೆ. ಇಥಿಯೋಪಿಯಾ, ಕೀನ್ಯಾ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೈಯಲ್ಲಿಟ್ಟುಕೊಳ್ಳುವುದು ಕ್ಷೇಮ. ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಅದು ಊರ್ಜಿತ. ಅಲ್ಲಿನ ಹಳೆಯ ಕಟ್ಟಡಗಳ ಸಾಕೆಟ್ಟುಗಳಿಗೆ ನಮ್ಮ ಗೀಸರಿಗೆ ಹಾಕುವಂಥ ದೊಡ್ಡ ಮೂರು ಪಿನ್ನಿನ ಪ್ಲಗ್ಗೇ ಬೇಕು, ಸಣ್ಣ ಮೂರು ಪಿನ್ ಕೂರುವುದಿಲ್ಲ.

ಮೊದಲ ದಿನ ಸೋಫಿಯಾಟೌನ್. ನಗರದ ಪಶ್ಚಿಮಕ್ಕಿರುವ ಈ ಬಡಾವಣೆಯಲ್ಲಿ ಈಗ ಕಾಣುವುದು ಸಾಲಾಗಿ ನಿಂತ ಸಾಧಾರಣ ಮನೆಗಳು. ಏನೂ ತಿಳಿಯದೆ ಹೋದರೆ ಐದು ನಿಮಿಷದಲ್ಲಿ ದಾಟಿಬಿಡುತ್ತೀರಿ. ಒಂದು ಕಾಲಕ್ಕೆ ಕಪ್ಪು ಜನ ಸ್ವಂತ ಜಾಗ ಹೊಂದಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಇದೊಂದಾಗಿತ್ತು. 1955ರ ಫೆಬ್ರವರಿ 9ರಂದು ಎರಡು ಸಾವಿರ ಪೊಲೀಸರ ಕಾವಲಿನಲ್ಲಿ ಇಲ್ಲಿನವರನ್ನು ಲಾರಿಗಳಿಗೆ ಹತ್ತಿಸಿ ಮೆಡೋಲ್ಯಾಂಡ್ಸ್‌ಗೆ ಸಾಗಿಸುವ ಕೆಲಸ ಶುರುವಾಯಿತು. ಮನೆಗಳನ್ನು ಕೆಡವಿ ಬಿಳಿಯರ ಬಡಾವಣೆ ಕಟ್ಟಿದರು, ಅದಕ್ಕೆ ‘ಟ್ರಿಯೋಂಫ್’, ಅಂದರೆ ‘ವಿಜಯ’ ಎಂದು ಹೆಸರಿಟ್ಟರು. ಹಳೆಯ ಹೆಸರು ಮರಳಿದ್ದು 2006ರಲ್ಲಿ. ಕೆಡವದೆ ಉಳಿದ ಕೆಲವೇ ಕಟ್ಟಡಗಳಲ್ಲಿ ಕ್ರೈಸ್ಟ್ ದ ಕಿಂಗ್ ಚರ್ಚು ಒಂದು. ಅದರ ಗಂಟೆ ಗೋಪುರ ದೂರಕ್ಕೇ ಕಾಣುತ್ತದೆ. ವಾರದ ದಿನಗಳಲ್ಲಿ ಬಾಗಿಲು ಮುಚ್ಚಿರಬಹುದು, ಆದ್ದರಿಂದ ಟೋಬಿ ಸ್ಟ್ರೀಟಿನ ಹೆರಿಟೇಜ್ ಸೆಂಟರಿನವರ ಜೊತೆ ಮೊದಲೇ ಮಾತಾಡಿ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಬೇಕು. ಆ ಕೇಂದ್ರವಿರುವ ಮನೆಯೂ ಹಾಗೆಯೇ ಉಳಿದುಕೊಂಡದ್ದು. ವೈದ್ಯರೂ ರಾಜಕೀಯ ನಾಯಕರೂ ಆಗಿದ್ದ ಎ. ಬಿ. ಜೂಮಾ ಅವರ ಮನೆ.

ಈ ಚರ್ಚಿನ ಪಾದ್ರಿಯಾಗಿದ್ದವರು ಇಂಗ್ಲೆಂಡಿನಿಂದ ಬಂದ ಟ್ರೆವರ್ ಹಡಲ್‌ಸ್ಟನ್. ಟುಟು 1931ರ ಅಕ್ಟೋಬರ್ 7ರಂದು ಕ್ಲರ್ಕ್ಸ್‌ಡಾರ್ಪಿನಲ್ಲಿ ಹುಟ್ಟಿದರು. ತಂದೆ ಶಾಲಾ ಮಾಸ್ತರರು, ತಾಯಿ ಮನೆಗೆಲಸ, ಅಡುಗೆ ಕೆಲಸ ಮಾಡುತ್ತಿದ್ದವರು. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತು. ಎದುರಿಗೆ ಬಂದ ಬಿಳಿಯ ಪಾದ್ರಿಯೊಬ್ಬರು ತನ್ನ ತಾಯಿಗೆ ಟೋಪಿ ತೆಗೆದು ವಂದಿಸಿದ್ದನ್ನು ಆ ಹುಡುಗ ಕಂಡ. ಆ ಪಾದ್ರಿಯೇ ಹಡಲ್‌ಸ್ಟನ್. ಬಿಳಿಯನೊಬ್ಬ ಕಪ್ಪು ಕೆಲಸದಾಕೆಗೆ ಟೋಪಿ ತೆಗೆಯುವುದೆಂದರೆ ಆ ಕಾಲಕ್ಕೆ ಊಹೆಗೂ ಮೀರಿದ್ದು. ಮುಂದೆ ಕ್ಷಯರೋಗದಿಂದ ಟುಟು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿ ಮಲಗಿದಾಗ ಅದೇ ಹಡಲ್‌ಸ್ಟನ್ ವಾರವಾರವೂ ನೋಡಲು ಬರುತ್ತಿದ್ದರು. ಹಡಲ್‌ಸ್ಟನ್ ತೀರಿಕೊಂಡದ್ದು 1998ರಲ್ಲಿ; ಅವರ ಚಿತಾಭಸ್ಮ ಇದೇ ಚರ್ಚಿನಲ್ಲಿದೆ. ಟುಟು ಅವರ ನಿಲುವು ಎಲ್ಲಿಂದ ಬಂತೆಂದು ಕೇಳುವವರು ಮೊದಲು ನಿಲ್ಲಬೇಕಾದ ಜಾಗ ಇದು.

ಕ್ಲರ್ಕ್ಸ್‌ಡಾರ್ಪಿಗೆ ಹೋಗಬೇಕೆ? ಎನ್12 ಹೆದ್ದಾರಿಯಲ್ಲಿ ಸುಮಾರು 170 ಕಿ.ಮೀ. ಅವರು ಹುಟ್ಟಿದ ಮಕೊಯೆಟೆಂಗ್ ಕೇರಿಯನ್ನೂ ನೆಲಸಮ ಮಾಡಿದ್ದಾರೆ. ಒಂದು ದಿನ ಪೂರ್ತಿ ಕಳೆದು ಬಂದರೂ ಕಣ್ಣಿಗೆ ಸಿಗುವುದು ಕಡಿಮೆ, ನಮ್ಮ ಮಟ್ಟಿಗೆ ಬಿಡಬಹುದು.

ಎರಡನೆಯ ದಿನ ನಗರದ ನಡುವಿನ ಸೇಂಟ್ ಮೇರಿ ಕೆಥೆಡ್ರಲ್. 1929ರಲ್ಲಿ ಪ್ರತಿಷ್ಠೆಯಾದ ಈ ಕಟ್ಟಡದ ವಿನ್ಯಾಸದಲ್ಲಿ ಹರ್ಬರ್ಟ್ ಬೇಕರ್ ಅವರ ಕೈಯಿದೆ. ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕಟ್ಟಿಸಿದವರೇ ಇವರು. ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್ ಕೂಡ ಇವರದ್ದೇ. ಕೆಥೆಡ್ರಲ್ ಪಾರ್ಕ್ ಸ್ಟೇಷನ್ನಿಗೆ ಹತ್ತಿರ, ವಿಮಾನ ನಿಲ್ದಾಣದಿಂದ ಬರುವ ಗೌಟ್ರೇನ್‌ನಲ್ಲಿ ಸ್ಯಾಂಡ್‌ಟನ್ ನಿಲ್ದಾಣದಲ್ಲಿ ರೈಲು ಬದಲಾಯಿಸಿ ಬರಬಹುದು. ಎಡವುವುದು ಇಲ್ಲೇ. ನಕ್ಷೆಯಲ್ಲಿ ಸ್ಟೇಷನ್ ಪಕ್ಕದಲ್ಲೇ ಕಾಣುತ್ತದೆಂದು ಮೊಬೈಲ್ ಹಿಡಿದು ದಾರಿ ಹುಡುಕುತ್ತಾ ನಡೆಯುವವರೇ ಕಸಿದು ಓಡುವವರ ಕಣ್ಣಿಗೆ ಮೊದಲು ಬೀಳುವುದು. ಆ್ಯಪ್ ಟ್ಯಾಕ್ಸಿಯಲ್ಲಿ ಕೆಥೆಡ್ರಲ್ಲಿನ ಗೇಟಿನವರೆಗೂ ಹೋಗಿ, ಮರಳುವ ಟ್ಯಾಕ್ಸಿಯನ್ನು ಒಳಗೆ ನಿಂತೇ ಕರೆಯಬೇಕು. ಭಾನುವಾರ ಬೆಳಗಿನ ಆರಾಧನೆಗೆ ಹೋದರೆ ಜನರಿರುತ್ತಾರೆ, ಹಾಡು ಕೇಳಸಿಗುತ್ತದೆ.

1975ರಲ್ಲಿ ಟುಟು ಇಲ್ಲಿಗೆ ಡೀನ್ (ಕೆಥೆಡ್ರಲ್ಲಿನ ಮುಖ್ಯ ಪಾದ್ರಿ) ಆಗಿ ಬಂದರು, ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿ. ಡೀನ್‌ಗೆಂದೇ ಇದ್ದ ಮನೆ ಬಿಳಿಯರ ಬಡಾವಣೆಯಲ್ಲಿತ್ತು. ವಿಶೇಷ ಅನುಮತಿ ಬೇಡಿ ಅಲ್ಲಿ ಇರುವುದಕ್ಕೆ ಅವರು ಒಪ್ಪದೆ ಕಪ್ಪು ಜನರ ವಸತಿಪ್ರದೇಶವಾದ ಸೊವೆಟೊದಲ್ಲೇ ಸಂಸಾರ ಹೂಡಿದರು. 1976ರ ಮೇ ತಿಂಗಳಲ್ಲಿ ಪ್ರಧಾನಿ ಫೋರ್ಸ್ಟರ್ ಅವರಿಗೆ ಪತ್ರ ಬರೆದು, ಜನರ ಸಿಟ್ಟು ಒಡೆದು ರಕ್ತಪಾತವಾಗಬಹುದೆಂದು ಎಚ್ಚರಿಸಿದರು. ಪ್ರಧಾನಿ ಅದನ್ನು ತಳ್ಳಿಹಾಕಿದರು. ಮರುತಿಂಗಳು 16ರಂದು ಸೊವೆಟೊದ ಶಾಲಾಮಕ್ಕಳ ಮೇಲೆ ಗುಂಡು ಹಾರಿತು.

ಅದಕ್ಕೇ ಮೂರನೆಯ ದಿನ ಸೊವೆಟೊ. ರಿಯಾ ವಾಯಾ ಬಸ್ಸಿನಲ್ಲೂ ಹೋಗಬಹುದು, ಆದರೆ ಅಲ್ಲಿನವರೇ ನಡೆಸುವ ಸೈಕಲ್ ಅಥವಾ ನಡಿಗೆಯ ಪ್ರವಾಸ ಹಿಡಿಯುವುದು ಮೇಲು. ಆರ್ಲ್ಯಾಂಡೊ ವೆಸ್ಟಿನ ವಿಲಕಾಜಿ ಬೀದಿಯಲ್ಲಿ ಇಬ್ಬರು ನೊಬೆಲ್ ಪುರಸ್ಕೃತರ ಮನೆಗಳಿವೆ. ಮಂಡೇಲಾ ಅವರ 8115ನೇ ನಂಬರಿನ ಮನೆ ಮ್ಯೂಸಿಯಂ ಆಗಿದೆ, ಟಿಕೆಟ್ ಇದೆ. ಟುಟು ಅವರದು ಖಾಸಗಿ ಮನೆ, ಹೊರಗಿನಿಂದಷ್ಟೇ ನೋಡಬೇಕು. ಅಲ್ಲಿಂದ ಹತ್ತು ನಿಮಿಷ ನಡೆದರೆ ಅಂದು ಗುಂಡಿಗೆ ಬಲಿಯಾದ ಬಾಲಕ ಹೆಕ್ಟರ್ ಪೀಟರ್ಸನ್ ಹೆಸರಿನ ಸ್ಮಾರಕ ಮತ್ತು ಮ್ಯೂಸಿಯಂ. ಇದಕ್ಕೆ ಎರಡು ಗಂಟೆಯಾದರೂ ಬೇಕು. ಅಪರಾಹ್ನ ರೆಜಿನಾ ಮುಂಡಿ ಚರ್ಚು. ಇದು ಕ್ಯಾಥೊಲಿಕರದು; ಆದರೂ ಪೊಲೀಸರ ಗುಂಡಿನ ಗುರುತುಗಳು ಇನ್ನೂ ಇರುವ ಈ ಕಟ್ಟಡವನ್ನು ಬಿಟ್ಟರೆ ಕತೆ ಅರ್ಧವಾಗುತ್ತದೆ. ಊಟಕ್ಕೆ ಪಾಪ್ ಮತ್ತು ಚಕಲಕ ಕೇಳಿ. ಪಾಪ್ ಅಂದರೆ ಮೆಕ್ಕೆಜೋಳದ ಬಿಳಿ ಹಿಟ್ಟಿನ ಗಟ್ಟಿ ಮುದ್ದೆ. ರಾಗಿಮುದ್ದೆ ಉಂಡವರ ಕೈಗೆ ಹೊಸತೇನಲ್ಲ. ಚಕಲಕ ಅಂದರೆ ಟೊಮೆಟೊ, ಕ್ಯಾರೆಟ್, ಬೀನ್ಸ್ ಬೇಯಿಸಿದ ಖಾರದ ಪಲ್ಯ. ಸಸ್ಯಾಹಾರಿಗಳು ಮಾಂಸದ ಚೂರು ಸೇರಿಸಿಲ್ಲವೆಂದು ಕೇಳಿಕೊಳ್ಳಬೇಕು.

ದಕ್ಷಿಣ ಆಫ್ರಿಕಾದ ಚರ್ಚುಗಳ ಒಕ್ಕೂಟಕ್ಕೆ ಟುಟು 1978ರಲ್ಲಿ ಪ್ರಧಾನ ಕಾರ್ಯದರ್ಶಿಯಾದ ಮೇಲೆ ಮಾತು ಗಡಿ ದಾಟಿತು. 1979ರಲ್ಲಿ ಡೆನ್ಮಾರ್ಕಿಗೆ ಹೋದವರು, ನಮ್ಮ ದೇಶದ ಕಲ್ಲಿದ್ದಲನ್ನು ಕೊಳ್ಳಬೇಡಿ ಎಂದು ಅಲ್ಲಿನ ಟಿ.ವಿ.ಯಲ್ಲೇ ಹೇಳಿದರು. ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಮುಂದೆ ಕೊಟ್ಟ ಪ್ರಯಾಣಪತ್ರದಲ್ಲಿ ರಾಷ್ಟ್ರೀಯತೆಯ ಜಾಗದಲ್ಲಿ ‘ಸದ್ಯಕ್ಕೆ ನಿರ್ಧರಿಸಲಾಗದು’ ಎಂದು ಬರೆದಿತ್ತು. ಹುಟ್ಟಿದ ನೆಲದಲ್ಲೇ ಒಬ್ಬ ಬಿಷಪ್‌ಗೆ ಹೀಗೆ ಬರೆದುಕೊಟ್ಟ ಕಾಗದ! ಆರ್ಥಿಕ ದಿಗ್ಬಂಧನ ಬಡವರನ್ನೇ ಹೆಚ್ಚು ಹಿಂಡುತ್ತದೆ ಎಂಬ ಆಕ್ಷೇಪ ಅವರಿಗೂ ಗೊತ್ತಿತ್ತು. ಹಿಂಸೆಯಿಲ್ಲದೆ ಸರ್ಕಾರವನ್ನು ಮಣಿಸಲು ಉಳಿದಿರುವ ದಾರಿ ಅದೊಂದೇ ಎಂಬುದು ಅವರ ಉತ್ತರ. 1986ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಅಧ್ಯಕ್ಷ ರೇಗನ್ ಅವರ ವಿಟೋವನ್ನು ಮೀರಿ ದಿಗ್ಬಂಧನದ ಕಾಯ್ದೆ ತಂದಿತು.

ಹಿಂಸೆ ಬೇಡವೆಂಬ ಮಾತನ್ನು ಅವರು ತಮ್ಮವರ ಎದುರಿಗೂ ಬಿಡಲಿಲ್ಲ. 1985ರ ಜುಲೈನಲ್ಲಿ ಜೋಹಾನ್ಸ್‌ಬರ್ಗಿನ ಪೂರ್ವಕ್ಕಿರುವ ಡುಡುಜಾದ ಶವಸಂಸ್ಕಾರವೊಂದರಲ್ಲಿ, ಪೊಲೀಸರ ಮಾಹಿತಿದಾರ ಎಂಬ ಶಂಕೆಯ ಮೇಲೆ ಒಬ್ಬನನ್ನು ಜೀವಂತ ಸುಡಲು ಗುಂಪು ಮುಗಿಬಿತ್ತು. ಟುಟು ಮತ್ತು ಬಿಷಪ್ ಸಿಮಿಯನ್ ಎನ್‌ಕೊವಾನೆ ನಡುವೆ ನುಗ್ಗಿ ಆತನನ್ನು ಉಳಿಸಿದರು. ಕೆಲವೇ ದಿನಗಳಲ್ಲಿ ಅದೇ ಊರಲ್ಲಿ ಯುವತಿಯೊಬ್ಬರನ್ನು ಗುಂಪು ಕೊಂದಿತು. ಇದು ನಿಲ್ಲದಿದ್ದರೆ ದೇಶವನ್ನೇ ಬಿಟ್ಟುಹೋಗುತ್ತೇನೆಂದು ಟುಟು ಬಹಿರಂಗವಾಗಿ ಹೇಳಿದರು. ದಿಗ್ಬಂಧನ ಕೇಳಿದವರೂ ಅವರೇ, ಶಂಕಿತರ ಕೊರಳಿಗೆ ಟೈರ್ ಹಾಕಿ ಹಚ್ಚುತ್ತಿದ್ದ ಬೆಂಕಿಗೆ ಅಡ್ಡ ನಿಂತವರೂ ಅವರೇ. ಒಂದನ್ನು ಮಾತ್ರ ನೆನೆಯುವವರು ಅರ್ಧ ಟುಟುವನ್ನು ಮಾತ್ರ ಕಂಡಿರುತ್ತಾರೆ.

ನಾಲ್ಕನೆಯ ದಿನ ಕೇಪ್‌ಟೌನ್. 1986ರ ಸೆಪ್ಟೆಂಬರ್ 7ರಂದು ಇಲ್ಲಿ ಅವರು ಆರ್ಚ್‌ಬಿಷಪ್ ಪೀಠವೇರಿದರು. ಆಂಗ್ಲಿಕನ್ ಎಂದಾಗ ನಮ್ಮ ಕಡೆಯ ಓದುಗರಿಗೆ ಒಂದು ಗೊಂದಲ ಇರಬಹುದು. ಕರ್ನಾಟಕದ ಆಂಗ್ಲಿಕನ್ ಚರ್ಚುಗಳು 1947ರಲ್ಲಿ ಬೇರೆ ಸಭೆಗಳೊಡನೆ ಕೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದವು, ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಅದಕ್ಕೆ ಸೇರಿದ್ದು. ದಕ್ಷಿಣ ಆಫ್ರಿಕಾದಲ್ಲಿ ಆಂಗ್ಲಿಕನ್ ಸಭೆ ಪ್ರತ್ಯೇಕವಾಗಿಯೇ ಉಳಿಯಿತು. ಆರ್ಚ್‌ಬಿಷಪ್ಪರ ಅಧಿಕೃತ ನಿವಾಸ ಬಿಷಪ್ಸ್‌ಕೋರ್ಟ್ ಇದ್ದದ್ದು ಬಿಳಿಯರಿಗೆ ಮೀಸಲಾದ ಪ್ರದೇಶದಲ್ಲಿ. ಟುಟು ಅನುಮತಿ ಕೇಳದೆ ಹೋಗಿ ವಾಸ ಮಾಡಿದರು. ಸೆರೆಯಿಂದ ಬಿಡುಗಡೆಯಾದ 1990ರ ಫೆಬ್ರವರಿ 11ರ ರಾತ್ರಿ ಮಂಡೇಲಾ ಮಲಗಿದ್ದು ಈ ಮನೆಯಲ್ಲೇ. ಸಾರ್ವಜನಿಕರಿಗೆ ಒಳಗೆ ಪ್ರವೇಶವಿಲ್ಲ, ಅಷ್ಟು ದೂರ ಹೋಗಿ ಬರುವ ಅಗತ್ಯವಿಲ್ಲ.

ಸಮಯವನ್ನು ನಗರದ ನಡುವೆ ಕೊಡಿ. ಗ್ರೀನ್‌ಮಾರ್ಕೆಟ್ ಸ್ಕ್ವೇರ್ ಬಳಿ ಬರ್ಗ್ ಬೀದಿ, ಚರ್ಚ್ ಬೀದಿ ಕೂಡುವ ಕಡೆ 1989ರ ಸೆಪ್ಟೆಂಬರ್ 2ರಂದು ಪೊಲೀಸರು ಮೆರವಣಿಗೆಯ ಮೇಲೆ ನೇರಳೆ ಬಣ್ಣದ ನೀರು ಹಾರಿಸಿದರು. ಬಣ್ಣ ಹತ್ತಿದವರನ್ನು ಆಮೇಲೆ ಗುರುತಿಸಿ ಹಿಡಿಯುವ ಉಪಾಯ. ಹನ್ನೊಂದು ದಿನ ಕಳೆದು, 13ರಂದು, ಟುಟು ಮತ್ತಿತರರ ಮುಂದಾಳ್ತನದಲ್ಲಿ ಸುಮಾರು 30,000 ಜನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಿಂದ ಹೊರಟು ನಡೆದರು. ಈ ಬಾರಿ ಸರ್ಕಾರ ತಡೆಯಲಿಲ್ಲ. ವೇಲ್ ಬೀದಿಯ ಕೆಥೆಡ್ರಲ್ ಬಾಗಿಲಿಂದ ಆ್ಯಡರ್ಲಿ ಬೀದಿಗಿಳಿದು ಡಾರ್ಲಿಂಗ್ ಬೀದಿಗೆ ಬಲಕ್ಕೆ ತಿರುಗಿದರೆ ಸಿಟಿ ಹಾಲ್, ಕಾಲು ಗಂಟೆಯ ನಡಿಗೆ. ಮಳೆಬಿಲ್ಲಿನ ಜನ ಎಂಬ ಟುಟು ಅವರ ಮಾತು ಆ ದಿನ ಇಲ್ಲಿ ನೆರೆದವರ ಕಿವಿಗೆ ಬಿತ್ತು. ಕೆಥೆಡ್ರಲ್ ಪಕ್ಕದಲ್ಲೇ 2017ರ ಕಮಾನು ಇದೆ. ಬಾಗಿಸಿದ ಮರದ 14 ಪಟ್ಟಿಗಳು, ಸಂವಿಧಾನದ 14 ಅಧ್ಯಾಯಗಳ ಲೆಕ್ಕಕ್ಕೆ.

ಐದನೆಯ ದಿನಕ್ಕೆ ಮಂಡೇಲಾ ಸೆರೆಯಲ್ಲಿದ್ದ ರಾಬೆನ್ ದ್ವೀಪ. ದೋಣಿ ವಾಟರ್‌ಫ್ರಂಟ್‌ನಿಂದ ಹೊರಡುತ್ತದೆ, ಹೋಗಿ ಬರಲು ಮೂರೂವರೆ ಗಂಟೆ ಬೇಕು. ಗಾಳಿ ಜೋರಾದರೆ ದೋಣಿ ರದ್ದಾಗುತ್ತದೆ. ಅದಕ್ಕಾಗಿ ಟಿಕೆಟ್ಟನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು. ರದ್ದಾದರೆ ಬ್ಯೂಟೆನ್‌ಕಾಂಟ್ ಬೀದಿಯ ಹಳೆಯ ಗ್ರ್ಯಾನರಿ ಕಟ್ಟಡಕ್ಕೆ ಹೋಗಿ. ಟುಟು ದಂಪತಿ ಹೆಸರಿನ ಪ್ರತಿಷ್ಠಾನದ ನೆಲೆ ಅದು, ವರ್ಣಭೇದದ ವಿರುದ್ಧ ಚರ್ಚುಗಳ ಹೋರಾಟದ ಪ್ರದರ್ಶನವಿದೆ.

ಆ ಪ್ರದರ್ಶನ ನೋಡುವ ಮೊದಲು ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗದ ಲೆಕ್ಕ ತಿಳಿದಿರಬೇಕು. ಮೊದಲ ವಿಚಾರಣೆ 1996ರ ಏಪ್ರಿಲ್ 15ರಂದು ಈಸ್ಟ್ ಲಂಡನ್ ಸಿಟಿ ಹಾಲಿನಲ್ಲಿ. ಗಾಲಿಕುರ್ಚಿಯಲ್ಲಿ ಬಂದ ಮಾಜಿ ಕೈದಿಯೊಬ್ಬರು ಚಿತ್ರಹಿಂಸೆ ಹೇಳುತ್ತಿದ್ದಾಗ ಅಧ್ಯಕ್ಷ ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ನೊಂದವರನ್ನು ಬಿಟ್ಟು ಕ್ಯಾಮೆರಾ ತನ್ನ ಮೇಲೆ ತಿರುಗಿತೆಂದು ಆಮೇಲೆ ನೊಂದುಕೊಂಡರು. ಕ್ಷಮಾದಾನ ಕೇಳಿದವರು ಏಳು ಸಾವಿರಕ್ಕೂ ಹೆಚ್ಚು, ಸಿಕ್ಕಿದ್ದು 849 ಮಂದಿಗೆ. ತಪ್ಪೊಪ್ಪಿದವರೆಲ್ಲ ಪಾರಾದರು ಎಂಬುದು ಹಾಗಾಗಿ ತಪ್ಪು ಮಾತು. ಕೊರತೆ ಆಮೇಲಿನದು: ಆಯೋಗ ನೊಂದವರಿಗೆ ಆರು ವರ್ಷದ ನೆರವು ಶಿಫಾರಸು ಮಾಡಿತ್ತು, ಸರ್ಕಾರ 2003ರಲ್ಲಿ ಒಮ್ಮೆಲೇ ತಲಾ 30,000 ರ‍್ಯಾಂಡ್ ಕೊಟ್ಟು ಕೈ ತೊಳೆದುಕೊಂಡಿತು. ಟುಟು ಇದನ್ನು ಕಟುವಾಗಿ ಟೀಕಿಸಿದರು. 2011ರಲ್ಲಿ ತಮ್ಮ 80ನೇ ಹುಟ್ಟುಹಬ್ಬಕ್ಕೆ ದಲೈ ಲಾಮಾ ಅವರಿಗೆ ವೀಸಾ ಸಿಗದಾಗ ಅದೇ ಸರ್ಕಾರದ ಮೇಲೆ ಅವರು ಸಿಡಿದರು. ಸಲಿಂಗಿಗಳ ಪರ ತಮ್ಮದೇ ಸಭೆಯ ಎದುರು ಮಾತಾಡಿದರು. ಭಾರತ ಅವರಿಗೆ 2005ರ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು.

ಆರನೆಯ ದಿನ ಬೆಳಗ್ಗೆ ಕೆಥೆಡ್ರಲ್ಲಿನ ಒಳಗೆ ಹೋಗಿ. ಆರಾಧನೆಯ ಹೊತ್ತು ತಪ್ಪಿಸಿ, ಫೋಟೊ ತೆಗೆಯುವ ಮೊದಲು ಕೇಳಿ. 2021ರ ಡಿಸೆಂಬರ್ 26ರಂದು ತೀರಿಕೊಂಡ ಟುಟು, ಸಿಗುವುದರಲ್ಲೇ ಅಗ್ಗದ ಶವಪೆಟ್ಟಿಗೆ ಸಾಕೆಂದು ಹೇಳಿದ್ದರು. ಹಗ್ಗದ ಹಿಡಿಕೆಯ ಸಾದಾ ಪೈನ್ ಮರದ ಪೆಟ್ಟಿಗೆಯಲ್ಲಿ ಅವರನ್ನು ಇಲ್ಲಿಗೆ ತಂದರು. ಬೆಂಕಿಯೂ ಬೇಡವೆಂದು ಆಯ್ದುಕೊಂಡದ್ದು ಜಲದಹನ: ದೇಹವನ್ನು ಲೋಹದ ಕೊಳವೆಯಲ್ಲಿಟ್ಟು ಕ್ಷಾರ ಬೆರೆಸಿದ ನೀರನ್ನು ಒತ್ತಡದಲ್ಲಿ ಸುಮಾರು 150 ಡಿಗ್ರಿಗೆ ಕಾಯಿಸುತ್ತಾರೆ, ಉಳಿಯುವ ಮೂಳೆಯನ್ನು ಒಣಗಿಸಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು 2022ರ ಜನವರಿ 2ರಂದು ಬಲಿಪೀಠದ ಮುಂದಿನ ನೆಲದಡಿ ಇಟ್ಟರು. ಅದೇ ಮುಂಜಾನೆ ಕೂಗಳತೆಯಲ್ಲಿರುವ ಸಂಸತ್ ಭವನಕ್ಕೆ ಬೆಂಕಿ ಬಿದ್ದು ಹೊಗೆ ಏಳುತ್ತಿತ್ತು.