ಮಜ್ಜಿಗೆ ಮತ್ತು ಚೆಂಬು

ಬೆಳಿಗ್ಗೆ ಏಳಕ್ಕೆ ಕಾಲ್ ಟೈಮ್, ಅಂದರೆ ಸೆಟ್‌ನಲ್ಲಿರಬೇಕಾದ ಹೊತ್ತು. ಮುಂಬೈಯ ಮಾಟುಂಗಾದಿಂದ ದಾದರ್‌ಗೆ ಬಂದು, ವಿರಾರ್ ಲೋಕಲ್ ಹಿಡಿದು ನಾಯ್‌ಗಾಂವ್‌ನಲ್ಲಿ ಇಳಿಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಹಿಂದಿ ಸೀರಿಯಲ್ ಒಂದರಲ್ಲಿ ನಾನು ಚಾಚಿ, ಅಂದರೆ ಚಿಕ್ಕಮ್ಮ. ಚಾಚಿಯ ಕೆಲಸ ಗೊತ್ತಲ್ವಾ? ಭಾರದ ಸೀರೆ ಉಟ್ಟು ಹಿಂದೆ ನಿಲ್ಲುವುದು. ಸೊಸೆ ಟ್ರೇ ಬೀಳಿಸಿದರೆ ಬೆಚ್ಚುವುದು. ಅದೂ ಮೂರು ಸಲ, ಕ್ಯಾಮೆರಾ ಮೂರು ಕಡೆಯಿಂದ ನೋಡಬೇಕಲ್ಲ! ಹನ್ನೆರಡು ಗಂಟೆಯ ಶಿಫ್ಟ್. ದುಡ್ಡು ಕೈಗೆ ಬರುವುದು 90 ದಿನ ಕಳೆದ ಮೇಲೆ.

ಅವತ್ತು ಶುಕ್ರವಾರ. ಗುರುವಾರ ಟಿಆರ್‌ಪಿ ಬರುತ್ತದೆ, ಅಂಕಿ ಇಳಿದಿದ್ದರೆ ರಾತ್ರೋರಾತ್ರಿ ಕಥೆ ತಿರುಗುತ್ತದೆ. ಸತ್ತವರು ಎದ್ದು ಬರುವುದು ಹೀಗೇ. ಕಥೆ, ಸ್ಕ್ರೀನ್‌ಪ್ಲೇ, ಡೈಲಾಗ್ ಮೂರಕ್ಕೂ ಬೇರೆ ಬೇರೆ ರೈಟರ್. ಮೂರು ಕೈ ದಾಟಿ ಸೀನ್ ಸೆಟ್‌ಗೆ ಬಂದಾಗ ಹನ್ನೊಂದು ಗಂಟೆ. ಅದರಲ್ಲಿ ನನಗೂ ಒಂದು ಮಾತಿತ್ತು! ಸಾಲ ಕೇಳಲು ಬಂದು ಊರ ಸುದ್ದಿಯೆಲ್ಲ ಹೇಳುವ ಮೈದುನನನ್ನು ಚಾಚಿ ಚುಚ್ಚಬೇಕು. ಬರೆದದ್ದು ಮಾತ್ರ, ‘ಜೋ ಕಹನಾ ಹೈ, ಸಾಫ್ ಸಾಫ್ ಕಹಿಯೇ.’ ಹೇಳುವುದಿದ್ದರೆ ನೇರವಾಗಿ ಹೇಳಿ, ಅಷ್ಟೇ. ಇದು ಬ್ಯಾಂಕಿನವರ ಮಾತು, ಅತ್ತಿಗೆಯದ್ದಲ್ಲ.

ಕಾಲ್ ಶೀಟಿನ ಹಿಂದೆ ಸುಮ್ನೆ ಗೀಚಿದೆ. ಮೊದಲು ಕನ್ನಡದಲ್ಲೇ. ‘ಮಜ್ಜಿಗೆಗೆ ಬಂದವರು ಚೆಂಬು ಯಾಕೆ ಬಚ್ಚಿಡ್ತೀರಿ?’ ಕುಂದಾಪುರದ ಅಜ್ಜಿ, ಬಾಗಿಲಲ್ಲಿ ತಲೆ ಕೆರೆದುಕೊಂಡು ನಿಂತವರಿಗೆಲ್ಲ ಹೇಳುತ್ತಿದ್ದ ಮಾತು. ಹಿಂದಿಗೆ ಬರುವಾಗ ಚೆಂಬು ಲೋಟಾ ಆಯಿತು. ಚಹಾ ತಂದ ಸ್ಪಾಟ್ ದಾದಾಗೆ ಓದಿ ಹೇಳಿದೆ. ‘ಅರೇ, ತಾಕಾಲಾ ಜಾವೂನ್ ಭಾಂಡೇ ಲಪವಣೇ! ನಮ್ಮ ಮರಾಠಿ ಗಾದೆ ಇದು’ ಎಂದು ನಕ್ಕರು. ಅಜ್ಜಿಯ ಮಾತು ಇವರದ್ದೂ ಹೌದಾ? ಸ್ವಲ್ಪ ಹೊಟ್ಟೆ ಉರಿಯಿತು, ಧೈರ್ಯ ಅದಕ್ಕಿಂತ ಜಾಸ್ತಿ ಬಂತು.

ಟೇಕ್‌ನಲ್ಲಿ ಹೇಳಿಬಿಟ್ಟೆ. ಮೈದುನನ ಪಾತ್ರದವನು ನಿಜಕ್ಕೂ ತಡವರಿಸಿದ. ಡೈರೆಕ್ಟರ್ ಕಟ್ ಹೇಳಲಿಲ್ಲ.

ಮಧ್ಯಾಹ್ನ ಡೈಲಾಗ್ ರೈಟರ್ ಫೋನ್ ಮಾಡಿದರು. ಕೇಳದೆ ಮಾತು ಬದಲಿಸಿದ್ದಕ್ಕೆ ಚೆನ್ನಾಗಿ ಬೈದರು. ತಪ್ಪು ನನ್ನದೇ. ಈಗ ನಾನು ಬರೆದದ್ದನ್ನು ಯಾರಾದರೂ ಸೆಟ್‌ನಲ್ಲಿ ತಿರುಚಿದರೆ ನನಗೂ ಮೈ ಉರಿಯುತ್ತದೆ. ಬೈದು ಮುಗಿಸಿ, ‘ಭಾನುವಾರ ಅಂಧೇರಿಗೆ ಬಾ, ಎರಡು ಸೀನ್ ಬರೆದು ತೋರಿಸು’ ಎಂದರು.

ಮನೆಯಲ್ಲಿ ಇದನ್ನು ಹೇಗೆ ಹೇಳುವುದು? ನಟಿ ಬರೆಯುತ್ತಾಳೆ ಎಂದರೆ ಅಮ್ಮನ ತಲೆಗೆ ಹೋಗುವುದಿಲ್ಲ. 1989ರಲ್ಲಿ ದೂರದರ್ಶನಕ್ಕೆ ಬಂದ ‘ಉಡಾನ್’ ಸೀರಿಯಲ್ ಅನ್ನು ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ದರು. ಐಪಿಎಸ್ ಸೇರಿದ್ದ ತಮ್ಮ ಅಕ್ಕ ಕಾಂಚನ್ ಅವರ ಬದುಕನ್ನೇ ಕಥೆ ಮಾಡಿದ್ದರು. ಅಮ್ಮನೂ ಅದನ್ನು ನೋಡಿದವಳೇ. ಆದರೆ ಅವಳಿಗೆ ಕವಿತಾ ಇವತ್ತಿಗೂ ಸರ್ಫ್ ಜಾಹೀರಾತಿನ ಲಲಿತಾಜಿ, ಅಷ್ಟೇ.

ಎಪಿಸೋಡ್ ಬಂದ ರಾತ್ರಿ ಅಮ್ಮ ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನನ್ನ ಮಾತು ಬಂತು. ಕೈ ನಿಂತಿತು.

‘ಇದು ಅಜ್ಜಿ ಹೇಳ್ತಿದ್ದದ್ದಲ್ವಾ? ಇವರಿಗೆ ಹೇಗೆ ಗೊತ್ತಾಯ್ತು?’

‘ನಾನೇ ಬರೆದದ್ದಮ್ಮ.’

ಒಂದು ದಂಟು ಮುರಿದು ತಟ್ಟೆಗೆ ಹಾಕಿದಳು.

‘ಹೌದಾ? ಅದಕ್ಕೆ ಬೇರೆ ದುಡ್ಡು ಕೊಟ್ರಾ?’