ಬದುಕಿದ್ದಾರೆ ಅಂತ ಹೆಸರು ಹೋಯಿತು

14 ಜುಲೈ 2024, ಭಾನುವಾರ

ಬೆಳಿಗ್ಗೆ 7 ಗಂಟೆಗೇ ಚಿಕ್ಕಪ್ಪನ ಫೋನು. "ಏನೋ, ಸತ್ತವರಿಗೆಲ್ಲ ಹೆಸರು ಹಾಕಿದ್ದೀಯ, ನನಗೆ ಮಾತ್ರ ಯಾಕಿಲ್ಲ?"

ನಿನ್ನೆ ರಾತ್ರಿ ವಂಶವೃಕ್ಷವನ್ನು ಎಲ್ಲರಿಗೂ ಕಳಿಸಿದ್ದೆ. ಒಂದೂವರೆ ವರ್ಷದಿಂದ ಗ್ರಾಂಪ್ಸ್ ತಂತ್ರಾಂಶದಲ್ಲಿ ಕೂಡಿಸಿದ್ದು, 412 ಜನ. ಕಳಿಸುವ ಮುಂಚೆ ಅದು ಕೇಳುತ್ತದೆ: ಬದುಕಿರುವವರನ್ನು ಹೇಗೆ ತೋರಿಸಲಿ? ಹೆಸರು ಮುಚ್ಚು ಅಂದೆ. ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಇವೆಲ್ಲ ಕೈಯಿಂದ ಕೈಗೆ ಹೋಗುವ ಫೈಲಿನಲ್ಲಿ ಇರಬಾರದು, ಅಲ್ವಾ? ಆದರೆ ಆ ಫೈಲನ್ನು ಓದುವವರೆಲ್ಲ ಬದುಕಿರುವವರೇ ಅನ್ನೋದು ನನಗೆ ಹೊಳೆಯಲೇ ಇಲ್ಲ. ಚಿಕ್ಕಪ್ಪನ ಚೌಕದಲ್ಲಿ ಬರೀ 'ಲಿವಿಂಗ್' ಅಂತಿತ್ತು.

ಇನ್ನೊಂದು ತಮಾಷೆ. ಮುತ್ತಜ್ಜನ ಕೊನೆಯ ತಮ್ಮನೂ ಲಿವಿಂಗ್! ಹುಟ್ಟಿದ್ದು 1915, ತೀರಿಕೊಂಡ ವರ್ಷ ಯಾರಿಗೂ ಗೊತ್ತಿಲ್ಲ, ಹಾಗಾಗಿ ಖಾಲಿ ಬಿಟ್ಟಿದ್ದೆ. ಗ್ರಾಂಪ್ಸ್ ತಾನಾಗಿ ಇಟ್ಟುಕೊಂಡಿರುವ ಮಿತಿ 110 ವರ್ಷ. ಅದರ ಲೆಕ್ಕದಲ್ಲಿ ಅವರಿಗಿನ್ನೂ 109. ದಿನಾಂಕ ಇಲ್ಲದಿದ್ದರೂ ಮರಣ ಅಂತ ಒಂದು ಘಟನೆ ಸೇರಿಸಿದರೆ ಸಾಕು. ಸೇರಿಸಿದೆ. ಕೈ ಸ್ವಲ್ಪ ತಡೆಯಿತು, ನಿಜ.

ಅತ್ತೆಯ ಮಗಳಿಗೆ ಕಳಿಸಿದ್ದು ಜೆಡ್‌ಕಾಮ್ ಫೈಲು. ಬೇರೆ ಬೇರೆ ತಂತ್ರಾಂಶಗಳ ನಡುವೆ ವಂಶದ ಮಾಹಿತಿ ಸಾಗಿಸಲು ಅಮೆರಿಕದ ಮಾರ್ಮನ್ ಚರ್ಚ್ 1984ರಲ್ಲಿ ಮಾಡಿದ ಸಾದಾ ಅಕ್ಷರದ ಫೈಲ್ ಅದು. ಅವಳದು ಹಳೇ ತಂತ್ರಾಂಶ, ಕನ್ನಡದಂಥ ಲಿಪಿಗಳಿಗೆ ಬೇಕಾದ ಯುನಿಕೋಡ್ ಅಕ್ಷರ ಸಂಕೇತ ಅದಕ್ಕೆ ಬರಲ್ಲ. ಕನ್ನಡದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು. "ನಮ್ಮಜ್ಜಿ ಐದು ಪ್ರಶ್ನೆಗಳಾಗಿದ್ದಾಳೆ" ಅಂತ ಬರೆದಳು. ಫೋಟೋಗಳೂ ಹೋಗಿರಲಿಲ್ಲ. ಆ ಫೈಲಿನಲ್ಲಿ ಇರೋದು ಫೋಟೋ ಅಲ್ಲ, ನನ್ನ ಕಂಪ್ಯೂಟರಿನಲ್ಲಿ ಫೋಟೋ ಎಲ್ಲಿದೆ ಎಂಬ ವಿಳಾಸ ಅಷ್ಟೇ. ಜೆಡ್‌ಕಾಮ್‌ನ 2021ರ 7.0 ಆವೃತ್ತಿಯಲ್ಲಿ ಫೋಟೋ ಸಮೇತ ಜಿಪ್ ಮಾಡುವ ದಾರಿ ಇದೆ. ಅವಳ ತಂತ್ರಾಂಶಕ್ಕೆ ಅದೂ ತಿಳಿಯದು.

ಮಧ್ಯಾಹ್ನ ಬೇರೆ ಥರ ಮಾಡಿದೆ. ಒಂದೊಂದು ಮನೆಗೆ ಅವರದೇ ಕೊಂಬೆ, ಪಿಡಿಎಫ್ ಆಗಿ. ಬದುಕಿರುವವರ ಹೆಸರು ಇದೆ, ದಿನಾಂಕ ಇಲ್ಲ. ಗೊತ್ತಿಲ್ಲದ ಕಡೆ ಗೆರೆ ಎಳೆದು ಜಾಗ ಬಿಟ್ಟೆ.

ಒಂದು ಗಂಟೆಯೊಳಗೆ ನಾಲ್ಕು ಮನೆಯಿಂದ ಉತ್ತರ! ವರ್ಷದಿಂದ "ಮಾಹಿತಿ ಕೊಡಿ" ಅಂತ ಕೇಳಿದಾಗ ಸುಮ್ನಿದ್ದವರು ಇವರೇ. ದೊಡ್ಡತ್ತೆ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಅದರ ಫೋಟೋ ಕಳಿಸಿದರು. ಅಣ್ಣತಮ್ಮಂದಿರ ಸಾಲೇ ತಪ್ಪಂತೆ. ದಿನಾಂಕ ಇಲ್ಲದವರನ್ನು ನಾನು ತುಂಬಿಸಿದ ಸಾಲಿನಲ್ಲೇ ತಂತ್ರಾಂಶ ಇಟ್ಟುಬಿಟ್ಟಿತ್ತು.

ಈಗ ಹೊಸ ತಲೆನೋವು. ತೀರಿಹೋದ ದೊಡ್ಡಪ್ಪ ಹುಟ್ಟಿದ್ದು 1938 ಅಂತ ಅತ್ತೆ, 1940 ಅಂತ ಚಿಕ್ಕಪ್ಪ. ಇಬ್ಬರೂ ಬಗ್ಗುವವರಲ್ಲ. ಎರಡನ್ನೂ ಹಾಕಿದೆ, ಒಂದು ಮುಖ್ಯ, ಇನ್ನೊಂದು ಪರ್ಯಾಯ. ಪ್ರತಿಯೊಂದಕ್ಕೂ ಆಧಾರ: 'ಫೋನಿನಲ್ಲಿ ಹೇಳಿದ್ದು, 14 ಜುಲೈ 2024'.

ಯಾವುದು ಮುಖ್ಯ ಅಂತ ಚಿಕ್ಕಪ್ಪನಿಗೆ ಹೇಳಿಲ್ಲ.