ಹಳೇದನ್ನೆಲ್ಲ ಉಳಿಸಬೇಕು ಅಂತೀರಾ?

ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ನೀವು ಕನ್ಸರ್ವೇಟಿವ್ ಅಂತೆ. ಅಂದ್ರೆ ಹಳೇದೆಲ್ಲ ಸರಿ ಅಂತಲಾ?" ಸಾರು ಬಡಿಸಿ ಮುಗಿಯುವಷ್ಟರಲ್ಲಿ ಕೊಡುವ ಉತ್ತರ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಈ ಹುಚ್ಚು ಹಿಡಿಸಿದ್ದು ಎಡ್ಮಂಡ್ ಬರ್ಕ್. ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನ ಸಂಸತ್ತಿನಲ್ಲಿ ಕೂತವನು. 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಬೈದು ಪುಸ್ತಕ ಬರೆದ ಅನ್ನುವುದು ಬಹಳ ಜನಕ್ಕೆ ಗೊತ್ತು. ನನಗೆ ಜಾಸ್ತಿ ಇಷ್ಟವಾದದ್ದು ಅದಕ್ಕೂ ಐದು ವರ್ಷ ಹಿಂದಿನ ಭಾಷಣ. 1785ರ ಫೆಬ್ರವರಿ. ವಿಷಯ ತಮಿಳು ಸೀಮೆಯ ಆರ್ಕಾಟಿನ ನವಾಬನ ಸಾಲ. ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ನವಾಬನಿಗೆ ಬಡ್ಡಿ ಸಾಲ ಕೊಟ್ಟು, ವಸೂಲಿಗೆ ರೈತರ ಕಂದಾಯ ಹಿಂಡುತ್ತಿದ್ದ ಕಾಲ. 1780ರಲ್ಲಿ ಹೈದರಾಲಿ ದಂಡೆತ್ತಿ ಬಂದು ಆ ಸೀಮೆ ಸುಟ್ಟ ಕತೆಯೂ ಭಾಷಣದಲ್ಲಿದೆ. ಅದರ ನಡುವೆ ಬರ್ಕ್ ಕೆರೆಗಳ ಮಾತು ತೆಗೆಯುತ್ತಾನೆ! ಮದರಾಸಿನ ಸುತ್ತ ನವಾಬ ಕಂಪನಿಗೆ ಬಿಟ್ಟುಕೊಟ್ಟಿದ್ದ ಜಾಗೀರಿನ ನಕ್ಷೆ ಹರವಿಕೊಂಡು ತಾನೇ ಎಣಿಸಿದನಂತೆ. 1,100ಕ್ಕೂ ಹೆಚ್ಚು ಕೆರೆ. ಎರಡು ಮೂರು ಎಕರೆಯವು, ಸುತ್ತಳತೆಯೇ ಐದು ಮೈಲಿ ಇರುವಂಥವು. ಭಾರತಕ್ಕೆ ಒಮ್ಮೆಯೂ ಬಾರದ ಮನುಷ್ಯ! ಇವನ್ನು ಕಟ್ಟಿಸಿದ ರಾಜರು ಮುಂದೆ ಹುಟ್ಟುವವರನ್ನೂ ತಮ್ಮವರೆಂದೇ ತಿಳಿದಿದ್ದರು ಎನ್ನುತ್ತಾನೆ. ಹಾಲೂಡಿಸುವಾಗಲೇ ತಾಯಿ ಮಗನಿಗೆ "ಕೆರೆಯಂ ಕಟ್ಟಿಸು" ಎನ್ನುವ ವಿಜಯನಗರದ ಶಾಸನ ಓದಿದವರಿಗೆ ಇದು ನಮ್ಮ ಮನೆ ಮಾತೇ, ಅಲ್ವಾ?

ಈಗ ಪ್ರಶ್ನೆಗೆ ಬರುತ್ತೇನೆ. ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ. ಹೆಚ್ಚಾದ ನೀರು ಹೋಗೋಕೆ ದಾರಿ ಬೇಕು. ನಮ್ಮೂರಲ್ಲಿ ಯಾರೋ ಕೋಡಿ ಹಳ್ಳಕ್ಕೆ ಮಣ್ಣು ತುಂಬಿ ಸೈಟು ಮಾಡಿದರು. ಮುಂದಿನ ಮಳೆಗೆ ಏರಿಯೇ ಬಿರುಕು ಬಿಟ್ಟಿತು. ಬರ್ಕ್ ಕ್ರಾಂತಿಯನ್ನು ಬೈದ ಅದೇ ಪುಸ್ತಕದಲ್ಲಿ, ಬದಲಾಗುವ ದಾರಿ ಇಲ್ಲದ ರಾಜ್ಯಕ್ಕೆ ಉಳಿಯುವ ದಾರಿಯೂ ಇಲ್ಲ ಅಂತಲೂ ಬರೆದಿದ್ದಾನೆ. ಹಳೇದೆಲ್ಲ ಸರಿ ಅನ್ನೋರಿಗೆ ಈ ಸಾಲು ಸುಮ್ನೆ ಕಣ್ಣು ತಪ್ಪುತ್ತದೆ.

ಅವನ ಮೇಲೆ ನನ್ನ ತಕರಾರೂ ಇದೆ. ಹುಟ್ಟಿನಿಂದ ಬಂದ ದೊಡ್ಡಸ್ತಿಕೆಗೆ ಅವನು ಕೊಡುವ ಮರ್ಯಾದೆ ನನಗೆ ಒಗ್ಗುವುದಿಲ್ಲ. ತಾತನ ಕಾಲದಲ್ಲಿ ನಮ್ಮೂರ ನೀರುಗಂಟಿ ಎಲ್ಲರ ಗದ್ದೆಗೂ ನೀರು ಬಿಡುತ್ತಿದ್ದ. ಹುಟ್ಟಿದ ಜಾತಿಯ ಕಾರಣಕ್ಕೆ ಊರ ಬಾವಿಗೆ ಮಾತ್ರ ಅವನು ಕೊಡ ಇಳಿಸುವ ಹಾಗಿರಲಿಲ್ಲ. ಇದನ್ನೂ ಉಳಿಸಬೇಕಾ? ಖಂಡಿತ ಬೇಡ. ಆದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ಎಷ್ಟು ಎತ್ತಬೇಕು, ಮಳೆ ಕಮ್ಮಿಯಾದ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಎಲ್ಲ ಅವನ ತಲೆಯಲ್ಲೇ ಇತ್ತು. ಯಾರೂ ಕೇಳಿ ಬರೆದಿಡಲಿಲ್ಲ. ಹೋದ ಬೇಸಿಗೆಯಲ್ಲಿ ಹೂಳು ತೆಗೆಸೋಣ ಅಂತ ಜೆಸಿಬಿ ತರಿಸಿದೆವು. ಎರಡು ದಿನ ಅಗೆದರೂ ತೂಬು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.